71 ವರ್ಷದ ಅವ್ವನನ್ನು ಕರೆದುಕೊಂಡು ಡಿಸೆಂಬರಿನಲ್ಲಿ ಫಿನ್ಲೆಂಡಿಗೆ ಹೋಗಬಹುದಾ?

ಸಿದ್ದಾಪುರ_ರೋಬಸ್ಟಾ · ಅಕ್ಟೋಬರ್ 3, 2024

ಎಲ್ಲರಿಗೂ ನಮಸ್ಕಾರ. ನಾವು ಕೊಡಗಿನ ಸಿದ್ದಾಪುರದ ಹತ್ತಿರದವರು. ನಾನು, ನಮ್ಮವರು, 11 ವರ್ಷದ ಮಗಳು, 7 ವರ್ಷದ ಮಗ, ಮತ್ತೆ ನನ್ನ ಅವ್ವ. ಈ ಡಿಸೆಂಬರ್ ಕೊನೆಗೆ ಫಿನ್ಲೆಂಡಿಗೆ ಹೋಗಬೇಕು ಅಂತ ಇದ್ದೇವೆ. ಹೆಲ್ಸಿಂಕಿಯಲ್ಲಿ ಎರಡು ದಿನ, ಉತ್ತರದ ರೊವಾನಿಯೆಮಿಯಲ್ಲಿ ಐದು ದಿನ.

ಅವ್ವನಿಗೆ 71 ವರ್ಷ. ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಮಂಡಿ ನೋವಿದೆ, ಆದರೂ ದಿನಾ ತೋಟಕ್ಕೆ ಹೋಗಿ ಬರುತ್ತಾರೆ. ನೆಂಟರೆಲ್ಲ ಒಂದೇ ಮಾತು ಹೇಳುತ್ತಿದ್ದಾರೆ. ಅವರನ್ನು ಬಿಟ್ಟು ಹೋಗಿ, ಆ ಚಳಿ ತಡೆಯೋದಿಲ್ಲ ಅಂತ. ಆದರೆ ಹಿಮ ನೋಡಬೇಕು ಅನ್ನುವ ಆಸೆ ಮೊದಲಿಂದ ಇರುವುದೇ ಅವ್ವನಿಗೆ. ಅಪ್ಪ ಮಿಲಿಟರಿಯಲ್ಲಿದ್ದಾಗ ಕಾಶ್ಮೀರದಿಂದ ಕಾಗದ ಬರೆಯುತ್ತಿದ್ದರಂತೆ. ಆ ಕಾಗದಗಳಲ್ಲೆಲ್ಲ ಹಿಮದ್ದೇ ಸುದ್ದಿ. ಅಪ್ಪ ಹೋಗಿ ಒಂಬತ್ತು ವರ್ಷ ಆಯಿತು. ಕಾಗದಗಳು ಇನ್ನೂ ಅವ್ವನ ಪೆಟ್ಟಿಗೆಯಲ್ಲಿವೆ.

ಅಷ್ಟು ಚಳಿಯ ಊರಿಗೆ ವಯಸ್ಸಾದವರನ್ನು ಕರೆದುಕೊಂಡು ಹೋದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಗೋಣಿಕೊಪ್ಪದ_ಕಣ · ಅಕ್ಟೋಬರ್ 3

ತಂಗಿ, ನನಗೆ ಅನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ಬೇಡ. ಚಳಿಯ ಮಾತು ಹಾಗಿರಲಿ. ಡಿಸೆಂಬರ್ ಕೊನೆಗೆ ತೋಟ ಬಿಟ್ಟು ಹೋಗುವುದಾದರೂ ಹೇಗೆ? ಅರೇಬಿಕಾ ಕಾಫಿ ಬೆಳೆಯುವವರಿಗೆ ಆಗ ಕುಯ್ಲು ಮಧ್ಯದಲ್ಲಿರುತ್ತದೆ. ನಿಮ್ಮದು ರೋಬಸ್ಟಾ ಆದರೂ ಜನವರಿಗೆ ಶುರುವಾಗಲೇಬೇಕು. ಆಳುಗಳನ್ನು ಹಿಡಿದಿಟ್ಟುಕೊಳ್ಳುವುದೇ ಈಗ ಕಷ್ಟ. ಅಕಾಲದಲ್ಲಿ ಒಂದು ಮಳೆ ಬಂದರೆ ಕಣದಲ್ಲಿರುವ ಕಾಫಿಯ ಗತಿ ಏನು? ಮಾರ್ಚಿನಲ್ಲಿ ಹೋಗಿ.

ಸಿದ್ದಾಪುರ_ರೋಬಸ್ಟಾ · ಅಕ್ಟೋಬರ್ 3

ಅಣ್ಣ, ಮಾರ್ಚಿನಲ್ಲಿ ಮಕ್ಕಳಿಗೆ ಪರೀಕ್ಷೆ. ಅದು ಮುಗಿಯುವಷ್ಟರಲ್ಲಿ ಕಾಫಿ ಹೂ ಬಿಡಲು ಬೇಕಾದ ಹೂಮಳೆಯ ಚಿಂತೆ. ಮಳೆ ಬರದೇ ಹೋದರೆ ಸ್ಪ್ರಿಂಕ್ಲರ್ ಹಾಕಲು ನಮ್ಮವರು ಮನೆಯಲ್ಲೇ ಇರಬೇಕು. ಲೆಕ್ಕ ಹಾಕಿದರೆ ನಮಗೆ ಇಡೀ ವರ್ಷದಲ್ಲಿ ಸಿಗುವುದು ನಮ್ಮ ಸುಗ್ಗಿ ಹಬ್ಬ ಹುತ್ತರಿ ಮುಗಿದ ಮೇಲಿನ ಆ ಎರಡು ವಾರ ಮಾತ್ರ. ತೋಟದ ಲೆಕ್ಕ ನೋಡುವ ರೈಟರ್ ನಂಬಿಕಸ್ತರು, ಹತ್ತು ದಿನ ನೋಡಿಕೊಳ್ಳುತ್ತಾರೆ.

ಫೌಜಿ_ಸೋಮವಾರಪೇಟೆ · ಅಕ್ಟೋಬರ್ 4

ನಾನು ದ್ರಾಸ್ ಮತ್ತು ಲೇಹ್‌ನಲ್ಲಿ ಒಟ್ಟು ನಾಲ್ಕು ಚಳಿಗಾಲ ಕಳೆದವನು. ಮೊದಲು ಒಂದು ಪ್ರಶ್ನೆ. ಹಿಮ ನೋಡಲು ಅಷ್ಟು ದೂರ ಯಾಕಮ್ಮ? ಗುಲ್ಮಾರ್ಗಿಗೆ ಹೋದರೆ ಖರ್ಚು ಎಷ್ಟೋ ಕಮ್ಮಿ. ನಿಮ್ಮ ತಂದೆಯವರು ಇದ್ದ ಕಡೆಯನ್ನೇ ಅವ್ವನಿಗೆ ತೋರಿಸಿದ ಹಾಗೂ ಆಗುತ್ತದೆ.

ಸಿದ್ದಾಪುರ_ರೋಬಸ್ಟಾ · ಅಕ್ಟೋಬರ್ 4

ಸರ್, ನಾವೂ ಮೊದಲು ಹಾಗೇ ಯೋಚಿಸಿದ್ದೆವು. ಅವ್ವನೇ ಬೇಡ ಅಂದರು. "ಅವರು ಕಷ್ಟಪಟ್ಟ ಜಾಗಕ್ಕೆ ನಾನು ಫೋಟೋ ತೆಗೆಸಿಕೊಳ್ಳಲು ಹೋಗಲಾರೆ" ಅಂದರು. ಅದರ ಮೇಲೆ ನಾವು ಮಾತಾಡಲಿಲ್ಲ. ಫಿನ್ಲೆಂಡ್ ಅಂದಿದ್ದು ಮಕ್ಕಳು. ಅಲ್ಲಿ ರಾತ್ರಿ ಆಕಾಶದಲ್ಲಿ ಕಾಣುವ ಉತ್ತರದ ಬೆಳಕು (ಅರೋರಾ) ನೋಡಬೇಕಂತೆ.

ಫೌಜಿ_ಸೋಮವಾರಪೇಟೆ · ಅಕ್ಟೋಬರ್ 4

ಅರ್ಥವಾಯಿತಮ್ಮ. ಹಾಗಾದರೆ ಕರೆದುಕೊಂಡು ಹೋಗಿ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ನಮ್ಮ ಕಡೆಯ ಚಳಿ ಒದ್ದೆ ಚಳಿ. ಜುಲೈನಲ್ಲಿ ಮೂರು ದಿನ ಬಿಡದೆ ಮಳೆ ಹೊಡೆದಾಗ ಮೂಳೆಗೆ ಇಳಿಯುತ್ತದಲ್ವಾ, ಆ ಥರ. ಅಲ್ಲಿಯದು ಒಣ ಚಳಿ. ಮೈನಸ್ 15 ಇದ್ದರೂ ಗಾಳಿ ಇಲ್ಲದಿದ್ದರೆ, ಬಟ್ಟೆ ಸರಿಯಾಗಿದ್ದರೆ ಆರಾಮಾಗಿ ನಡೆಯಬಹುದು. ಆದರೆ ಬೆವರಬಾರದು. ಬೆವರಿ ಬಟ್ಟೆ ಒದ್ದೆಯಾದರೆ ಅದೇ ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಅದಕ್ಕೇ ಒಳಗಡೆ ಹತ್ತಿ ಬಟ್ಟೆ ಹಾಕಲೇಬಾರದು. ಹತ್ತಿ ಒದ್ದೆಯಾದರೆ ಬೇಗ ಆರುವುದಿಲ್ಲ. ಮೈಗೆ ಅಂಟುವ ಹಾಗೆ ತೆಳ್ಳಗಿನ ಉಣ್ಣೆ, ಅದರ ಮೇಲೆ ದಪ್ಪ ಸ್ವೆಟರ್ ಅಥವಾ ಫ್ಲೀಸ್, ಹೊರಗೆ ಗಾಳಿ ತಡೆಯುವ ಕೋಟು. ಒಂದೇ ದಪ್ಪ ಬಟ್ಟೆ ಬೇಡ. ಪದರ ಪದರವಾಗಿ ಇರಲಿ. ನಡೆಯುವಾಗ ಒಂದು ತೆಗೆಯಿರಿ, ನಿಂತಾಗ ಹಾಕಿಕೊಳ್ಳಿ.

ಬೂಟು ಒಂದು ಸೈಜ್ ದೊಡ್ಡದು ತೊಗೊಳ್ಳಿ. ಎರಡು ಜೊತೆ ಸಾಕ್ಸ್ ತುರುಕಿ ಬಿಗಿ ಮಾಡಿದರೆ ಕಾಲಿನ ರಕ್ತ ಓಡಾಟ ನಿಂತು ಇನ್ನೂ ಜಾಸ್ತಿ ತಣ್ಣಗಾಗುತ್ತದೆ. ಬೆರಳು ಅಲ್ಲಾಡಿಸಲು ಒಳಗೆ ಜಾಗ ಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಕಾಲಿನ ಸ್ಪರ್ಶ ಕಮ್ಮಿ ಇರಬಹುದು. ಹಾಗಾಗಿ ರಾತ್ರಿ ಅವ್ವನ ಪಾದವನ್ನು ನೀವೇ ನೋಡಿ. ಮಕ್ಕಳ ಕೆನ್ನೆ, ಮೂಗಿನ ತುದಿ ಬೆಳ್ಳಗೆ ಮೇಣದ ಹಾಗೆ ಕಂಡರೆ ಕೂಡಲೇ ಒಳಗೆ ಕರೆದುಕೊಂಡು ಹೋಗಿ. ಉಜ್ಜಬೇಡಿ. ಹಿಮದಿಂದಂತೂ ಉಜ್ಜಲೇಬೇಡಿ, ಚರ್ಮ ಹಾಳಾಗುತ್ತದೆ. ಬೆಚ್ಚಗಿನ ಅಂಗೈ ಇಟ್ಟರೆ ಸಾಕು.

ಇನ್ನೊಂದು ಮಾತು ನಿಮ್ಮ ಯಜಮಾನರಿಗೆ. ನಮ್ಮವರಲ್ಲಿ ಒಂದು ಪೆಗ್ ಹಾಕಿದರೆ ಬೆಚ್ಚಗಾಗುತ್ತದೆ ಅನ್ನುವ ನಂಬಿಕೆ ಇದೆ. ಬೆಚ್ಚಗಾದ ಹಾಗೆ ಅನಿಸುತ್ತದೆ, ಅಷ್ಟೇ. ಚರ್ಮದ ರಕ್ತನಾಳ ಹಿಗ್ಗಿ ಒಳಗಿನ ಬಿಸಿ ಹೊರಗೆ ಹೋಗುತ್ತದೆ. ಹೊರಗೆ ಓಡಾಡುವ ಮುಂಚೆ ಬೇಡ. ಚಳಿಯಲ್ಲಿ ಅದರಿಂದ ಆದ ಅನಾಹುತ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ವಿರಾಜಪೇಟೆ_ಔಷಧಿಯಂಗಡಿ · ಅಕ್ಟೋಬರ್ 4

ಸಕ್ಕರೆ ನೋಡುವ ಮಿಷನ್ನು ತುಂಬಾ ತಣ್ಣಗಿದ್ದರೆ ಸರಿಯಾಗಿ ತೋರಿಸುವುದಿಲ್ಲ. ಕೋಟಿನ ಒಳಜೇಬಿನಲ್ಲಿಡಿ. ಮಾತ್ರೆಗಳು ಕೈಚೀಲದಲ್ಲೇ ಇರಲಿ, ವಿಮಾನದಲ್ಲಿ ದೊಡ್ಡ ಲಗೇಜಿಗೆ ಹಾಕಬೇಡಿ. ಡಾಕ್ಟರ ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆಸಿಕೊಳ್ಳಿ. ನಮ್ಮ ಕಂಪನಿಗಳ ಹೆಸರು ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ನಾಪೋಕ್ಲು_ಎಸ್ಪೂ · ಅಕ್ಟೋಬರ್ 5

ಅಕ್ಕ, ನಾನು ನಾಪೋಕ್ಲುವಿನವನು. ಏಳು ವರ್ಷದಿಂದ ಹೆಲ್ಸಿಂಕಿ ಪಕ್ಕದ ಎಸ್ಪೂನಲ್ಲಿದ್ದೇನೆ. ಖಂಡಿತ ಕರೆದುಕೊಂಡು ಬನ್ನಿ. ನನ್ನ ಅಪ್ಪ, ಅವ್ವ ಇಬ್ಬರೂ ಜನವರಿಯಲ್ಲಿ ಬಂದಿದ್ದರು. ಚಳಿಯಿಂದ ಅವರಿಗೆ ಅಂಥ ತೊಂದರೆ ಆಗಲಿಲ್ಲ. ಇಲ್ಲಿ ಮನೆ, ಬಸ್ಸು, ಅಂಗಡಿ ಎಲ್ಲದರ ಒಳಗೂ 20 ಡಿಗ್ರಿಗಿಂತ ಜಾಸ್ತಿ ಇರುತ್ತದೆ. ನಿಜ ಹೇಳಬೇಕೆಂದರೆ ಮಳೆಗಾಲದ ನಮ್ಮ ಮನೆಗಿಂತ ಬೆಚ್ಚಗೆ. ಅವರಿಗೆ ಕಷ್ಟವಾಗಿದ್ದು ಎರಡೇ. ಒಂದು ಕತ್ತಲೆ, ಇನ್ನೊಂದು ಜಾರಿಕೆ.

ರೊವಾನಿಯೆಮಿ ಉತ್ತರ ಧ್ರುವವೃತ್ತದ ಪಕ್ಕದಲ್ಲೇ ಇದೆ. ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವಾಗ ಹನ್ನೊಂದು ದಾಟಿರುತ್ತದೆ, ಒಂದೂವರೆ ಹೊತ್ತಿಗೆ ಮುಳುಗುತ್ತಾನೆ. ಅದರ ಆಚೆ ಈಚೆ ಒಂದೊಂದು ಗಂಟೆ ನೀಲಿ ಬೆಳಕು ಇರುತ್ತದೆ. ಅದು ನೋಡಲು ತುಂಬಾ ಚೆನ್ನ. ದಿನಕ್ಕೆ ಒಂದೇ ಒಂದು ಕೆಲಸ ಇಟ್ಟುಕೊಳ್ಳಿ. ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ, ರಾತ್ರಿ ಬೆಳಕು ನೋಡಲು ಮತ್ತೊಂದು ಕಡೆ ಅಂತ ಓಡಬೇಡಿ. ಬಟ್ಟೆ ಹಾಕಿ ಬಿಚ್ಚುವುದಕ್ಕೇ ಐದು ಜನಕ್ಕೆ ಅರ್ಧ ಗಂಟೆ ಹಿಡಿಯುತ್ತದೆ.

ಡಿಸೆಂಬರ್ 24ರ ಸಂಜೆಗೆ ಇಲ್ಲಿ ಎಲ್ಲ ಮುಚ್ಚುತ್ತದೆ. ಬಸ್ಸು, ರೈಲು ಕೂಡ ಕಮ್ಮಿ. 26ರ ನಂತರ ಬಂದರೆ ವಾಸಿ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಈ ಸಲ ನಮ್ಮ ಹುತ್ತರಿ ಡಿಸೆಂಬರ್ ಮಧ್ಯದ ಹುಣ್ಣಿಮೆಗೆ ಅಲ್ವಾ? ಅಂದರೆ ತಿಂಗಳ ಕೊನೆಗೆ ಅಮಾವಾಸ್ಯೆ. ಉತ್ತರದ ಬೆಳಕು ನೋಡಲು ಕತ್ತಲೆ ರಾತ್ರಿಯೇ ಒಳ್ಳೆಯದು. ಹುತ್ತರಿ ಮುಗಿಸಿ ಹತ್ತು ಹನ್ನೆರಡು ದಿನಕ್ಕೆ ಹೊರಡಿ, ಸರಿಯಾಗುತ್ತದೆ.

ವೀಸಾಕ್ಕೆ ಬೆಂಗಳೂರಿನಲ್ಲೇ ಅರ್ಜಿ ಕೊಡಬಹುದು. ಈ ವರ್ಷದ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12ರ ಒಳಗಿನ ಮಕ್ಕಳಿಗೆ 45. ಕಮ್ಮಿ ಅಂದರೆ 30,000 ಯೂರೋ ಚಿಕಿತ್ಸಾ ವೆಚ್ಚ ಕೊಡುವ ಪ್ರಯಾಣ ವಿಮೆ ಇರಲೇಬೇಕು. ಸಾಮಾನ್ಯವಾಗಿ 15 ದಿನ ಅನ್ನುತ್ತಾರೆ, ಆದರೆ ಡಿಸೆಂಬರ್ ಹತ್ತಿರ ಬಂದಹಾಗೆ ಗಲಾಟೆ ಜಾಸ್ತಿ. ಈಗಲೇ ಹಾಕಿ.

ಹೆಲ್ಸಿಂಕಿಯಿಂದ ರಾತ್ರಿ ರೈಲಿನಲ್ಲೇ ಹೋಗಿ. ಸುಮಾರು 12 ಗಂಟೆ. ಮಹಡಿಯಿರುವ ಬೋಗಿ, ಇಬ್ಬರಿಗೊಂದು ಕೋಣೆ. ಮೇಲಿನ ಅಂತಸ್ತಿನ ಕೋಣೆಯಲ್ಲಿ ಬಚ್ಚಲು, ಶೌಚಾಲಯ ಒಳಗೇ ಇರುತ್ತದೆ. ಅವ್ವನಿಗೆ ಅದನ್ನೇ ತೊಗೊಳ್ಳಿ.

ಮಾಂದಲಪಟ್ಟಿ_ಗಾಳಿ · ಅಕ್ಟೋಬರ್ 6

ಒಂದು ವಿಷಯ ಕೇಳಬೇಕು ಅನಿಸಿತು. ಡಿಸೆಂಬರ್ ಕೊನೆಗೆ ಮಡಿಕೇರಿ ಹೇಗಿರುತ್ತದೆ ಅಂತ ನಮಗೆಲ್ಲ ಗೊತ್ತು. ರಾಜಾಸೀಟ್ ರಸ್ತೆಯಲ್ಲಿ ಕಾರು ಅಲ್ಲಾಡಲ್ಲ. ಬೆಟ್ಟದಲ್ಲಿ ಪ್ಲಾಸ್ಟಿಕ್. ನಮ್ಮ ಕೊಡವ ಉಡುಪು ಕುಪ್ಯ ಚೇಲೆ ಹಾಕಿಸಿ ಹೋಟೆಲ್ ಬಾಗಿಲಲ್ಲಿ ಯಾರನ್ನೋ ನಿಲ್ಲಿಸಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನಾವು ಅಲ್ಲಿಗೆ ಹೋದಾಗ ಅಲ್ಲಿಯವರಿಗೆ ಅದನ್ನೇ ಮಾಡುತ್ತೇವಾ? ಜಗಳಕ್ಕೆ ಅಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ನಾಪೋಕ್ಲು_ಎಸ್ಪೂ · ಅಕ್ಟೋಬರ್ 6

ಒಳ್ಳೆ ಪ್ರಶ್ನೆ ಕೇಳಿದಿರಿ. ಇಲ್ಲೂ ಅದೇ ನೋವಿದೆ. ಸಾಮಿ ಜನ ಈ ಉತ್ತರ ಭಾಗದ ಮೂಲನಿವಾಸಿಗಳು. ಅವರ ಸಾಂಪ್ರದಾಯಿಕ ಉಡುಪನ್ನು ಸಾಮಿ ಅಲ್ಲದವರು ಪ್ರವಾಸಿಗಳಿಗಾಗಿ ಹಾಕಿಕೊಳ್ಳುವುದರ ಬಗ್ಗೆ ಅವರಿಗೆ ಬಹಳ ಬೇಸರ. 2018ರಲ್ಲಿ ಇಲ್ಲಿನ ಸಾಮಿ ಸಂಸತ್ತು ಪ್ರವಾಸೋದ್ಯಮಕ್ಕೆ ನೀತಿ ಸೂತ್ರಗಳನ್ನೇ ಮಾಡಿತು. ರೊವಾನಿಯೆಮಿ ಅವರ ತಾಯ್ನಾಡಿನ ಗಡಿಯೊಳಗೆ ಬರುವುದೇ ಇಲ್ಲ. ಅವರ ಬದುಕನ್ನು ತಿಳಿಯಬೇಕು ಅಂದರೆ ಇನ್ನೂ ಉತ್ತರಕ್ಕೆ, ಇನಾರಿಯಲ್ಲಿರುವ ಸೀಡಾ ಮ್ಯೂಸಿಯಂಗೆ ಹೋಗಬೇಕು. ಐದು ದಿನದಲ್ಲಿ ಅವ್ವನ ಜೊತೆ ಅದು ಜಾಸ್ತಿಯಾಗುತ್ತದೆ. ಸಾಮಿ ಬಟ್ಟೆ ಹಾಕಿ ಫೋಟೋ ಅನ್ನುವ ಕಡೆ ಹೋಗದಿದ್ದರೆ ಸಾಕು.

ಹಿಮಸಾರಂಗಕ್ಕೂ ಒಡೆಯರಿರುತ್ತಾರೆ. ಕಾಡಿನಲ್ಲಿ ಓಡಾಡುವುದೂ ಯಾರದೋ ಸಾಕಿದ್ದೇ, ಕಿವಿಯಲ್ಲಿ ಗುರುತಿನ ಕಚ್ಚು ಇರುತ್ತದೆ. "ನಿಮ್ಮ ಹತ್ತಿರ ಎಷ್ಟು ಇವೆ" ಅಂತ ಕೇಳಬೇಡಿ. ನಮ್ಮಲ್ಲಿ ಎಷ್ಟು ಎಕರೆ ತೋಟ ಅಂತ ಹೊಸಬರು ಕೇಳಿದ ಹಾಗೆ.

ಗೋಣಿಕೊಪ್ಪದ_ಕಣ · ಡಿಸೆಂಬರ್ 22

ತಂಗಿ, ಹೊರಡುವುದು ಯಾವಾಗ? ಏನಾಯಿತು?

ಸಿದ್ದಾಪುರ_ರೋಬಸ್ಟಾ · ಡಿಸೆಂಬರ್ 23

ವೀಸಾ ಬಂತು ಅಣ್ಣ. 25ಕ್ಕೆ ಬೆಂಗಳೂರಿನಿಂದ ವಿಮಾನ. ಅವ್ವ ಬರುತ್ತಿದ್ದಾರೆ. ಬಂದ ಮೇಲೆ ಬರೆಯುತ್ತೇನೆ.

ಸಿದ್ದಾಪುರ_ರೋಬಸ್ಟಾ · ಜನವರಿ 9, 2025

ಬಂದೆವು. ಕುಯ್ಲು ಶುರುವಾಗಿದೆ, ಅದಕ್ಕೇ ಬರೆಯುವುದು ತಡವಾಯಿತು. ನಿಮ್ಮೆಲ್ಲರ ಮಾತು ಎಷ್ಟು ಉಪಯೋಗವಾಯಿತು ಅಂತ ಹೇಳಲೇಬೇಕು.

ಹೆಲ್ಸಿಂಕಿ ಬೇಗ ಮುಗಿಸುತ್ತೇನೆ. ಅಲ್ಲಿ ಹಿಮ ಇರಲಿಲ್ಲ, ಬರೀ ಕೆಸರು ಮತ್ತು ತುಂತುರು. ಬಂಡೆಯನ್ನೇ ಕೊರೆದು ಕಟ್ಟಿದ ಚರ್ಚ್ ನೋಡಿದೆವು. ಓದಿ (Oodi) ಅನ್ನುವ ದೊಡ್ಡ ಗ್ರಂಥಾಲಯ ಮಕ್ಕಳಿಗೆ ಬಹಳ ಇಷ್ಟವಾಯಿತು. ಒಳಗೆ ಹೋಗಲು ದುಡ್ಡಿಲ್ಲ, ಎಷ್ಟು ಹೊತ್ತು ಬೇಕಾದರೂ ಕೂರಬಹುದು. "ಇಷ್ಟು ದೂರ ಬಂದು ಇಲ್ಲೂ ಮಳೆಯೇನೇ" ಅಂದರು ಅವ್ವ.

ರಾತ್ರಿ ರೈಲು ಹತ್ತಿದೆವು. ಬೆಳಿಗ್ಗೆ ಏಳಕ್ಕೆ ಎಚ್ಚರವಾಗಿ ನೋಡಿದರೆ ಅವ್ವ ಕಿಟಕಿಯ ಹತ್ತಿರ ಕೂತಿದ್ದರು. ಹೊರಗೆ ಇನ್ನೂ ಕತ್ತಲೆ. ರೈಲಿನ ಬೆಳಕು ಬಿದ್ದಷ್ಟು ಜಾಗದಲ್ಲಿ ಬಿಳಿ ಮರಗಳು ಹಿಂದಕ್ಕೆ ಹೋಗುತ್ತಿದ್ದವು. ಯಾವಾಗಿಂದ ಕೂತಿದ್ದೀರಿ ಅಂದೆ. ಮಾತಾಡಲಿಲ್ಲ. ನನ್ನ ಕೈ ಹಿಡಿದುಕೊಂಡು ಪಕ್ಕ ಕೂರಿಸಿಕೊಂಡರು. ಮಕ್ಕಳು ಏಳುವವರೆಗೂ ನಾವಿಬ್ಬರೂ ಹಾಗೇ ಇದ್ದೆವು.

ರೊವಾನಿಯೆಮಿಯಲ್ಲಿ ಎರಡನೇ ದಿನ ಒಂದು ಕೆಟ್ಟ ಘಟನೆ ಆಯಿತು. ನಾಪೋಕ್ಲುವಿನ ತಮ್ಮ ಜಾರಿಕೆ ಬಗ್ಗೆ ಹೇಳಿದ್ದರು. ಬೂಟಿನ ಅಡಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿಯನ್ನು ಮೊದಲ ದಿನವೇ ತಂದಿದ್ದೆವು. ಆದರೆ ಹೋಟೆಲಿನಿಂದ ಕಾರಿನವರೆಗೆ ಹತ್ತೇ ಹೆಜ್ಜೆ ಅಂತ ಹಾಕಿಸಲಿಲ್ಲ. ಮೇಲೆ ತೆಳ್ಳಗೆ ಹಿಮ, ಕೆಳಗೆ ಗಾಜಿನ ಹಾಗೆ ಗಟ್ಟಿ ನೀರು. ಅವ್ವ ಬಿದ್ದರು. ಕೈ ಊರಿದ್ದರಿಂದ ಮಣಿಕಟ್ಟು ಊದಿಕೊಂಡಿತು. 116117ಕ್ಕೆ ಫೋನ್ ಮಾಡಿದೆವು. ಜೀವಕ್ಕೆ ಅಪಾಯ ಇಲ್ಲದಿದ್ದಾಗ ಮಾಡುವ ನಂಬರ್ ಅದು. ತುರ್ತಿಗೆ 112. ಇಂಗ್ಲಿಷಿನಲ್ಲೇ ಮಾತಾಡಿದರು, ಎಲ್ಲಿಗೆ ಹೋಗಬೇಕು ಅಂತ ಹೇಳಿದರು. ಎಕ್ಸ್‌ರೇ ತೆಗೆದರು. ಮೂಳೆ ಮುರಿದಿರಲಿಲ್ಲ. ಪಟ್ಟಿ ಕಟ್ಟಿ ಕಳಿಸಿದರು. ತಪ್ಪು ನನ್ನದೇ. ಆ ಹತ್ತು ಹೆಜ್ಜೆ ನನಗೆ ಇವತ್ತೂ ಕಣ್ಣ ಮುಂದೆ ಬರುತ್ತದೆ.

ವಿಮೆ ಕಂಪನಿಯವರು ಮಾತ್ರ ಇನ್ನೂ ಸತಾಯಿಸುತ್ತಿದ್ದಾರೆ. ಚಿಕಿತ್ಸೆಗೆ ಮೊದಲೇ ಅವರ ನಂಬರಿಗೆ ಫೋನ್ ಮಾಡಬೇಕಿತ್ತಂತೆ. ಮುಂದೆ ಹೋಗುವವರು ಆ ನಂಬರನ್ನು ಕಾಗದದಲ್ಲಿ ಬರೆದು ಜೇಬಿನಲ್ಲಿಡಿ. ಚಳಿಗೆ ಫೋನಿನ ಬ್ಯಾಟರಿ ಇದ್ದಕ್ಕಿದ್ದ ಹಾಗೆ ಸತ್ತುಹೋಗುತ್ತದೆ. ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ ಕೇಳಿ ತೊಗೊಳ್ಳಿ.

ಇನ್ನು ಅವ್ವ ಹೊರಗೆ ಬರುವುದಿಲ್ಲ ಅಂದುಕೊಂಡೆ. ಆದರೆ ಹೋಟೆಲಿನ ಹೆಂಗಸು ಒಂದು ವಸ್ತು ತಂದುಕೊಟ್ಟರು. ಎರಡು ಉದ್ದ ಉಕ್ಕಿನ ಪಟ್ಟಿ, ಮುಂದೆ ಒಂದು ಮರದ ಸೀಟು, ಹಿಂದೆ ಹಿಡಿಕೆ. ನಿಂತು ಒಂದು ಕಾಲಿನಲ್ಲಿ ನೆಲ ಒದ್ದರೆ ಜಾರಿಕೊಂಡು ಮುಂದೆ ಹೋಗುತ್ತದೆ. ಅಲ್ಲಿ ವಯಸ್ಸಾದವರು ಇದನ್ನು ತಳ್ಳಿಕೊಂಡೇ ಅಂಗಡಿಗೆ ಹೋಗುತ್ತಾರೆ. ಹಿಡಿದುಕೊಳ್ಳಲು ಆಸರೆಯೂ ಆಯಿತು, ಸಾಮಾನು ಇಡಲು ಜಾಗವೂ ಆಯಿತು. ಅವ್ವನನ್ನು ಅದರ ಮೇಲೆ ಕೂರಿಸಿ, ಕಂಬಳಿ ಹೊದಿಸಿ, ನಮ್ಮವರು ಹಿಂದೆ ನಿಂತು ತಳ್ಳಿದರು. ಉಳಿದ ಮೂರು ದಿನ ನಾವು ಓಡಾಡಿದ್ದು ಹೀಗೇ. ನದಿಯ ದಡದಲ್ಲಿ, ಕಾಡಿನ ದಾರಿಯಲ್ಲಿ. ಹಾಗೆ ಸುತ್ತಿದ್ದೇ ಈ ಪ್ರವಾಸದಲ್ಲಿ ಎಲ್ಲಕ್ಕಿಂತ ಚೆನ್ನಾಗಿತ್ತು.

ಸಾಂತಾ ಕ್ಲಾಸ್‌ನ ಹಳ್ಳಿಗೆ ಹೋಗಿದ್ದೆವು. ಊರಿಂದ 8 ಕಿ.ಮೀ. ಸಿಕ್ಕಾಪಟ್ಟೆ ಜನ. ಭೇಟಿಗೆ ದುಡ್ಡಿಲ್ಲ, ಫೋಟೋಗೆ ಇದೆ. ಅಲ್ಲಿನ ಅಂಚೆ ಕಚೇರಿಯಲ್ಲಿ ಎರಡು ಡಬ್ಬಗಳಿವೆ. ಒಂದಕ್ಕೆ ಹಾಕಿದರೆ ಈಗಲೇ ಹೊರಡುತ್ತದೆ, ಕೆಂಪು ಡಬ್ಬಕ್ಕೆ ಹಾಕಿದರೆ ಮುಂದಿನ ಕ್ರಿಸ್‌ಮಸ್ಸಿಗೆ ಬರುತ್ತದೆ. ಮಕ್ಕಳು ತಮ್ಮ ಹೆಸರಿಗೇ ಬರೆದುಕೊಂಡರು. ಅವ್ವನೂ ಒಂದು ಕಾರ್ಡ್ ಕೇಳಿದರು. ಏನು ಬರೆದರು ಅಂತ ನಾನು ನೋಡಲಿಲ್ಲ. ಕೆಂಪು ಡಬ್ಬಕ್ಕೆ ಹಾಕಿದರು.

ಉತ್ತರದ ಬೆಳಕು ಸಿಕ್ಕಿದ್ದು ನಾಲ್ಕನೇ ರಾತ್ರಿ. ಮೊದಲ ಮೂರು ರಾತ್ರಿ ಬರೀ ಮೋಡ. ಫೋಟೋದಲ್ಲಿ ನೋಡಿದ ಹಾಗೆ ಇರುತ್ತದೆ ಅಂತ ಹೋಗಬೇಡಿ. ಶುರುವಿನಲ್ಲಿ ಬೂದು ಬಣ್ಣ. "ಒಲೆಯ ಹೊಗೆ ಮಾಡಿನಿಂದ ಎದ್ದ ಹಾಗಿದೆ" ಅಂದರು ಅವ್ವ. ಫೋನಿನಲ್ಲಿ ಮಾತ್ರ ಹಸಿರು ಕಂಡಿತು. ಹತ್ತು ನಿಮಿಷದ ನಂತರ ಬರಿಗಣ್ಣಿಗೇ ಹಸಿರಾಯಿತು, ಅಲ್ಲಾಡತೊಡಗಿತು. ಸೂರ್ಯನಿಂದ ಬರುವ ಕಣಗಳು ಸುಮಾರು 100 ಕಿ.ಮೀ. ಎತ್ತರದಲ್ಲಿ ಆಮ್ಲಜನಕಕ್ಕೆ ತಾಗಿದಾಗ ಹಸಿರು, ಇನ್ನೂ ಮೇಲೆ ತಾಗಿದರೆ ಕೆಂಪು ಅಂತ ಮಗಳು ಓದಿಕೊಂಡು ಬಂದಿದ್ದಳು. ತಮ್ಮನಿಗೆ, ಅಜ್ಜಿಗೆ ಅಲ್ಲೇ ನಿಂತು ಪಾಠ ಮಾಡಿದಳು. ಹಾಗಾದರೆ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯಲ್ಲಿ ಬರೀ ಕೆಂಪು ಕಂಡಿದ್ದು ಯಾಕೆ ಅಂತ ನಮ್ಮವರು ಕೇಳಿದರು. ಅಷ್ಟು ದೂರದಿಂದ ಮೇಲಿನ ತುದಿ ಮಾತ್ರ ಕಾಣುತ್ತದಲ್ವಾ ಅಂದಳು.

ನಾಪೋಕ್ಲು_ಎಸ್ಪೂ · ಜನವರಿ 9

ಅವ್ವ ಬಿದ್ದರು ಅಂತ ಓದಿ ಎದೆ ಧಸಕ್ ಅಂದಿತು. ಈಗ ಹೇಗಿದ್ದಾರೆ? ಆ ಒದೆಬಂಡಿಗೆ ಇಲ್ಲಿ ಪೋತ್ಕುಕೆಲ್ಕ ಅನ್ನುತ್ತಾರೆ. ನಾನು ಮೊದಲೇ ಹೇಳಬೇಕಿತ್ತು, ನೆನಪಾಗಲಿಲ್ಲ. ಕಾಫಿ ಹೇಗನಿಸಿತು ಅವ್ವನಿಗೆ?

ಸಿದ್ದಾಪುರ_ರೋಬಸ್ಟಾ · ಜನವರಿ 10

ಊತ ಇಳಿದಿದೆ ತಮ್ಮ. ಕಣದಲ್ಲಿ ಕೂತು ಮೇಲ್ವಿಚಾರಣೆ ನಡೆಸುತ್ತಿದ್ದಾರೆ.

ಕಾಫಿ ವಿಷಯ ಕೇಳಿದಿರಿ, ಅದನ್ನೇ ಬರೆಯಬೇಕು ಅಂದುಕೊಂಡಿದ್ದೆ. ಜಗತ್ತಿನಲ್ಲಿ ತಲೆಗೆ ಅತಿ ಜಾಸ್ತಿ ಕಾಫಿ ಕುಡಿಯುವ ಜನರಲ್ಲಿ ಫಿನ್ಲೆಂಡಿನವರೂ ಒಬ್ಬರು. ಒಬ್ಬೊಬ್ಬರಿಗೆ ವರ್ಷಕ್ಕೆ ಹತ್ತು ಕೆ.ಜಿ.ಗಿಂತ ಮೇಲೆ. ಒಂದೇ ಒಂದು ಕಾಫಿ ಗಿಡ ಬೆಳೆಯದ ದೇಶ! ಹೋದ ಕಡೆಯೆಲ್ಲ ಕಾಫಿ ಕೊಟ್ಟರು. ಆದರೆ ತುಂಬಾ ಎಳೆಯದಾಗಿ ಹುರಿಯುತ್ತಾರೆ. ಬಣ್ಣ ಚಹಾದ ಹಾಗೆ, ಸ್ವಲ್ಪ ಹುಳಿ. ಚಿಕೋರಿ ಇಲ್ಲ. ಅವ್ವ ಅಂಗಡಿಯಲ್ಲಿ ಪ್ಯಾಕೆಟ್ ತಿರುಗಿಸಿ, ಯಾವ ಊರಿನದು ಓದು ಅಂದರು. ಬ್ರೆಜಿಲ್, ಕೊಲಂಬಿಯಾ ಅಂತ ಇತ್ತು. ಎರಡು ಮೂರು ಪ್ಯಾಕೆಟ್ ನೋಡಿದರು. ನಮ್ಮ ದೇಶದ ಹೆಸರು ಸಿಗಲಿಲ್ಲ. ಪಾಪ, ಮುಖ ಸಪ್ಪೆಯಾಯಿತು.

ನಾವು ಮನೆಯಿಂದ ನಮ್ಮದೇ ಪುಡಿ ಮತ್ತು ಬೆಲ್ಲ ಒಯ್ದಿದ್ದೆವು. ಕೊನೆಯ ದಿನ ಅವ್ವ ಒಂದೇ ಕೈಯಲ್ಲಿ ಬೆಲ್ಲದ ಕಾಫಿ ಮಾಡಿ ಹೋಟೆಲಿನ ಆ ಹೆಂಗಸಿಗೆ ಕೊಟ್ಟರು. ಅವರು ಪೂರ್ತಿ ಕುಡಿದು ಇನ್ನರ್ಧ ಲೋಟ ಕೇಳಿದರು. ಉಳಿದ ಪುಡಿಯನ್ನೆಲ್ಲ ಅವ್ವ ಅಲ್ಲೇ ಕೊಟ್ಟುಬಂದರು.

ಮಾಂದಲಪಟ್ಟಿ_ಗಾಳಿ · ಜನವರಿ 10

ಓದಿ ಸಂತೋಷವಾಯಿತು ಅಕ್ಕ. ಅವ್ವನಿಗೆ ಮನಸ್ಸಿಗೆ ತಾಗಿದ್ದು ಯಾವುದು? ಹಿಮವಾ, ಬೆಳಕಾ?

ಸಿದ್ದಾಪುರ_ರೋಬಸ್ಟಾ · ಜನವರಿ 10

ಎರಡೂ ಅಲ್ಲ ಅನಿಸುತ್ತದೆ. ಅಲ್ಲಿ ಆರ್ಕ್ಟಿಕುಮ್ ಅಂತ ಒಂದು ಮ್ಯೂಸಿಯಂ ಇದೆ. ಅದರೊಳಗೆ ರೊವಾನಿಯೆಮಿ ಊರಿನ ಎರಡು ಸಣ್ಣ ಮಾದರಿ ಮಾಡಿಟ್ಟಿದ್ದಾರೆ. ಒಂದು ಯುದ್ಧಕ್ಕೆ ಮೊದಲಿನದು, ಮನೆಗಳು ತುಂಬಿವೆ. ಇನ್ನೊಂದು 1944ರದು. ಜರ್ಮನ್ ಸೇನೆ ಹಿಂದೆ ಸರಿಯುವಾಗ ಊರು ಸುಟ್ಟುಹೋಯಿತು. ಹತ್ತರಲ್ಲಿ ಒಂಬತ್ತು ಪಾಲು ಕಟ್ಟಡ ಹೋಯಿತಂತೆ. ಆ ಮಾದರಿಯಲ್ಲಿ ಉಳಿದಿರುವುದು ಹೊಗೆ ಗೂಡುಗಳು ಮಾತ್ರ. ಆಮೇಲೆ ಆಲ್ವಾರ್ ಆಲ್ತೊ ಅನ್ನುವ ವಾಸ್ತುಶಿಲ್ಪಿ ಹಿಮಸಾರಂಗದ ಕೊಂಬಿನ ಆಕಾರದಲ್ಲಿ ರಸ್ತೆ ಹಾಕಿ ಊರನ್ನು ಮತ್ತೆ ಕಟ್ಟಲು ನಕ್ಷೆ ಮಾಡಿದರು.

ಅವ್ವನ ತವರು ಮಕ್ಕಂದೂರಿನ ಕಡೆ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದಾಗ ಆ ಮನೆ ಹೋಯಿತು. ಜನ ಉಳಿದರು, ಮನೆ ಇದ್ದ ಗುರುತೂ ಉಳಿಯಲಿಲ್ಲ. ಅವ್ವ ಆ ಎರಡನೇ ಮಾದರಿಯ ಮುಂದೆ ಬಹಳ ಹೊತ್ತು ನಿಂತರು. ಮಕ್ಕಳು ಎಳೆದರೂ ಬರಲಿಲ್ಲ. ಆಮೇಲೆ ಹೊರಗೆ ಬಂದು ಊರನ್ನು ನೋಡಿದರು. ದೀಪ, ಅಂಗಡಿ, ಬಸ್ಸು, ಮಕ್ಕಳು. "ಇದೆಲ್ಲ ಆಮೇಲೆ ಕಟ್ಟಿದ್ದಾ" ಅಂತ ಕೇಳಿದರು. ಹೌದು ಅಂದೆ. "ಅದೇ ಜಾಗದಲ್ಲಾ" ಅಂತ ಮತ್ತೆ ಕೇಳಿದರು.

ಫೌಜಿ_ಸೋಮವಾರಪೇಟೆ · ಜನವರಿ 11

ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ ಅಮ್ಮ.

ಗೋಣಿಕೊಪ್ಪದ_ಕಣ · ಜನವರಿ 12

ತಂಗಿ, ನಾನು ಬೇಡ ಅಂದಿದ್ದೆ. ಈಗ ನನ್ನ ಹೆಂಡತಿ ಇದನ್ನೆಲ್ಲ ಓದಿ, ಮುಂದಿನ ಹುತ್ತರಿ ಆದ ಮೇಲೆ ನಾವೂ ಹೋಗೋಣ ಅನ್ನುತ್ತಿದ್ದಾಳೆ. ಅವಳ ಅತ್ತೆಯನ್ನೂ, ಅಂದರೆ ನನ್ನ ಅವ್ವನನ್ನೂ ಕರೆದುಕೊಂಡು. ಅವರಿಗೆ 74. ಬಟ್ಟೆ ಎಲ್ಲಿ ತೊಗೊಂಡಿರಿ? ಆ ಮುಳ್ಳಿನ ಪಟ್ಟಿ ಇಲ್ಲಿ ಸಿಗುತ್ತದಾ?

ಸಿದ್ದಾಪುರ_ರೋಬಸ್ಟಾ · ಜನವರಿ 12

ಅಣ್ಣ, ಹೊಸದು ತೊಗೊಳ್ಳಬೇಡಿ. ಮುಳ್ಳಿನ ಪಟ್ಟಿ ಐದು ಜೊತೆ ನಮ್ಮ ಹತ್ತಿರ ಇದೆ. ಒಳಗಿನ ಉಣ್ಣೆ ಬಟ್ಟೆ ಒಗೆದು ಇಟ್ಟಿದ್ದೇನೆ. ಅವ್ವನ ಬೂಟು 37ನೇ ಸೈಜ್, ನಿಮ್ಮ ಅವ್ವನ ಕಾಲಿನ ಅಳತೆ ಕೇಳಿ ನೋಡಿ. ಕುಯ್ಲು ಮುಗಿದ ಮೇಲೆ ಒಂದು ಭಾನುವಾರ ಮನೆಗೆ ಬನ್ನಿ, ಅತ್ತಿಗೆಯನ್ನೂ ಅವ್ವನನ್ನೂ ಕರೆದುಕೊಂಡು. ಊಟ ಮಾಡಿಕೊಂಡು, ಎಲ್ಲ ತೊಗೊಂಡು ಹೋಗುವಿರಂತೆ.